ಅಪ್ಪನ ಫೋನಿನಿಂದ ಕರಿಹಲಗೆಗೆ: ವಾಟ್ಸಾಪ್, ಯೂಟ್ಯೂಬ್ ಬಳಸಿ ಪಾಠ ಮಾಡುವ ಬಗೆ

ಎರಡು ವರ್ಷದ ಹಿಂದಿನ ಮಾತು. ಜೂನ್ ಮೊದಲ ವಾರ. ಎಂಟನೇ ತರಗತಿ ಪೋಷಕರ ವಾಟ್ಸಾಪ್ ಗುಂಪಿಗೆ 40 ಸೆಕೆಂಡಿನ ಒಂದು ವಾಯ್ಸ್ ಮೆಸೇಜ್ ಬಂತು. ಒಬ್ಬ ಹುಡುಗಿಯ ಅಜ್ಜಿ ಮಾತಾಡಿದ್ದರು. ಹಿಂದೆ ಕೋಳಿ ಕೂಗುತ್ತಿತ್ತು. "ರೋಹಿಣಿ ಮಳೆಗೆ ಓಣಿ ತುಂಬ ಜೋಳ ಅಂತಿದ್ರು ನಮ್ಮ ಹಿರೀಕ್ರು. ಈ ಸಲ ರೋಹಿಣಿ ಒಣಗೇ ಹೋಗ್ತೈತೆ ಮೇಷ್ಟ್ರೇ. ಮುಂದಿನ ಮಳೆನಾದ್ರೂ ಹಿಡೀತದಾ ನೋಡ್ಬೇಕು."

ಮಾರನೇ ದಿನ ಅದನ್ನು ತರಗತಿಯಲ್ಲಿ ಚಿಕ್ಕ ಸ್ಪೀಕರ್‌ಗೆ ಹಾಕಿ ಕೇಳಿಸಿದೆ. ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ಆಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಸಾರ್, ರೋಹಿಣಿ ಅಂದ್ರೆ ಯಾವ ತಿಂಗಳು?" ಆ ಪ್ರಶ್ನೆಯಿಂದ ಹುಟ್ಟಿದ ಪಾಠ ಮೂರು ವಾರ ನಡೆಯಿತು. ಮಳೆ ಅಳೆಯುವುದು, ದಶಮಾಂಶ, ನಕ್ಷೆ, ಗಾದೆ ಎಲ್ಲವೂ ಅದರೊಳಗೇ ಬಂದವು.

ಅಲ್ಲಿಯವರೆಗೆ ನಮ್ಮ ಗುಂಪಿನಲ್ಲಿ ಇದ್ದದ್ದು ರಜೆಯ ಸೂಚನೆ, ಗುಡ್ ಮಾರ್ನಿಂಗ್ ಹೂವು, ಯಾರೂ ತೆರೆಯದ ಪಿಡಿಎಫ್. ನಾವು ಶಾಲೆಯಿಂದ ಮನೆಗೆ ಕಳಿಸುತ್ತಲೇ ಇದ್ದೆವು. ಮನೆಯಿಂದ ತರಗತಿಗೆ ಏನನ್ನೂ ತರಿಸಿಕೊಂಡಿರಲಿಲ್ಲ. ಸಾಮಾಜಿಕ ಜಾಲತಾಣ ಶಾಲೆಗೆ ನಿಜವಾಗಿ ಕೆಲಸಕ್ಕೆ ಬರುವುದು ಈ ಎರಡನೇ ದಾರಿಯಲ್ಲಿ ಅಂತ ನನಗೆ ಗಟ್ಟಿಯಾಗಿ ಅನಿಸಿದೆ. ಈ ಲೇಖನ ಆ ದಾರಿಯ ಬಗ್ಗೆ. ನಾನು ಚಿತ್ರದುರ್ಗ ಜಿಲ್ಲೆಯ ಹಳ್ಳಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವನು. ಕಂಪ್ಯೂಟರ್ ಲ್ಯಾಬ್ ಇಲ್ಲದ, ಶಿಕ್ಷಕರ ಕೈಯಲ್ಲಿ ಒಂದು ಸಾಧಾರಣ ಫೋನ್ ಮಾತ್ರ ಇರುವ ಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಹೆಜ್ಜೆ 1: ಮೊದಲು ಪಾಠ ಗೊತ್ತಾಗಲಿ

ಆ್ಯಪ್ ಯಾವುದು ಅಂತ ಮೊದಲೇ ಯೋಚಿಸಬೇಡಿ. ಪಾಠಪುಸ್ತಕ ತೆಗೆದು ಈ ತಿಂಗಳ ಪಾಠಗಳನ್ನು ನೋಡಿ. ಒಂದೊಂದಕ್ಕೂ ಒಂದು ಪ್ರಶ್ನೆ ಕೇಳಿಕೊಳ್ಳಿ: ತರಗತಿಯ ನಾಲ್ಕು ಗೋಡೆಯೊಳಗೆ ಸಿಗದೇ ಇರುವಂಥದ್ದು ಈ ಪಾಠಕ್ಕೆ ಏನು ಬೇಕು?

ಕೆಲವು ಪಾಠಗಳಿಗೆ ಏನೂ ಬೇಡ. ಬೆಳಕಿನ ಪ್ರತಿಫಲನ ಹೇಳಿಕೊಡಲು ಒಂದು ಕನ್ನಡಿ, ಕಿಟಕಿಯ ಬಿಸಿಲು ಸಾಕು. ಅಲ್ಲಿ ಫೋನ್ ತಂದರೆ ಸುಮ್ನೆ ಹೊತ್ತು ಹಾಳು. ಆದರೆ ಮಳೆ, ಬೆಳೆ, ಮಣ್ಣು, ಆಹಾರ, ಊರಿನ ಚರಿತ್ರೆ, ಭಾಷೆ ಇವೆಲ್ಲ ಮನೆಯಲ್ಲಿ, ಹೊಲದಲ್ಲಿ, ಅಜ್ಜ ಅಜ್ಜಿಯ ಬಾಯಲ್ಲಿ ಇವೆ. ಹಲವು ದಿನ ನೋಡಿ ಬರೆದುಕೊಳ್ಳಬೇಕಾದ ವಿಷಯಗಳೂ ಹಾಗೆಯೇ. ಇಂಥ ಪಾಠ ತಿಂಗಳಿಗೆ ಒಂದು ಸಿಕ್ಕರೆ ಸಾಕು. ಜಾಸ್ತಿ ಮಾಡಲು ಹೋದರೆ ನಿಮಗೂ ಆಯಾಸ, ಮನೆಯವರಿಗೂ ಬೇಸರ.

ಹೆಜ್ಜೆ 2: ಯಾರ ಮನೆಯಲ್ಲಿ ಯಾವ ಫೋನ್?

2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದ್ದಾಗ ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಮಾಡುವ ವಿದ್ಯಾಗಮ ಎಂಬ ಸರ್ಕಾರಿ ಕಾರ್ಯಕ್ರಮ ನಡೆದದ್ದು ನಿಮಗೆ ನೆನಪಿರಬಹುದು. ಅಲ್ಲಿ ಮಕ್ಕಳನ್ನು ಮೂರು ಗುಂಪು ಮಾಡಿದ್ದರು. ಸ್ಮಾರ್ಟ್‌ಫೋನ್ ಇರುವವರು, ಬರೀ ಮಾತಾಡುವ ಫೋನ್ ಇರುವವರು, ಯಾವ ಫೋನೂ ಇಲ್ಲದವರು. ಆ ಲೆಕ್ಕ ಇವತ್ತಿಗೂ ಬೇಕು. ಅದಕ್ಕೆ ಇನ್ನೆರಡು ಸೇರಿಸಿಕೊಳ್ಳಿ. ಫೋನ್ ಮನೆಗೆ ಬರುವುದು ಎಷ್ಟು ಹೊತ್ತಿಗೆ? ಅದರಲ್ಲಿ ಆಗ ಡೇಟಾ ಉಳಿದಿರುತ್ತಾ?

ನಮ್ಮಲ್ಲಿ ಸುಮಾರು ಮನೆಗಳಲ್ಲಿ ಫೋನ್ ಅಪ್ಪನ ಜೇಬಿನಲ್ಲಿ ಹೊಲಕ್ಕೆ, ಗ್ಯಾರೇಜಿಗೆ, ಗಾರೆ ಕೆಲಸಕ್ಕೆ ಹೋಗುತ್ತದೆ. ಮನೆಗೆ ಬರುವುದು ಸಂಜೆ ಏಳಕ್ಕೆ. ಮಧ್ಯಾಹ್ನ ಮೂರಕ್ಕೆ ಮೆಸೇಜ್ ಹಾಕಿ, ಐದಕ್ಕೆ "ಇನ್ನೂ ಯಾರೂ ಕಳಿಸಿಲ್ಲ" ಅಂತ ಬರೆದರೆ ಆ ಮಗುವಿನ ತಪ್ಪೇನು?

ಈ ವಿಷಯವನ್ನು ತರಗತಿಯಲ್ಲಿ ಕೈ ಎತ್ತಿಸಿ ಕೇಳಬೇಡಿ. ಫೋನ್ ಇಲ್ಲದ ಮನೆಯ ಮಗುವಿಗೆ ಅದು ತುಂಬಾ ನೋಯುತ್ತದೆ. ಒಬ್ಬೊಬ್ಬರನ್ನೇ ಮಾತಾಡಿಸಿ ಅಥವಾ ಪೋಷಕರ ಸಭೆಯ ದಿನ ಬರೆದುಕೊಳ್ಳಿ. ಆಮೇಲೆ ಓಣಿಯ ಲೆಕ್ಕದಲ್ಲಿ ನಾಲ್ಕು ನಾಲ್ಕು ಮಕ್ಕಳ ತಂಡ ಮಾಡಿ. ಪ್ರತಿ ತಂಡದಲ್ಲೂ ಫೋನ್ ಇರುವ ಮನೆ ಒಂದಾದರೂ ಇರಲಿ. ಕೆಲಸ ಕೊಡುವುದು ತಂಡಕ್ಕೆ, ಒಂಟಿ ಮಗುವಿಗೆ ಅಲ್ಲ. ಫೋನ್ ಇಲ್ಲದ ಮಗು ಅಳತೆ ಮಾಡುತ್ತದೆ, ಪ್ರಶ್ನೆ ಕೇಳುತ್ತದೆ, ಬರೆದುಕೊಳ್ಳುತ್ತದೆ. ಬರೆದದ್ದು ಫೋನ್ ಇರುವ ಮನೆಯಿಂದ ಗುಂಪಿಗೆ ಹೋಗುತ್ತದೆ. ತಂಡದ ಹೆಸರಿನಲ್ಲೇ ಹೋಗಲಿ.

ಓಣಿಗಳ ನಡುವೆ ಜಾತಿಯ ಗೆರೆ ಇರುವ ಊರುಗಳಲ್ಲಿ ಈ ತಂಡ ಮಾಡುವುದು ಅಷ್ಟು ಸುಲಭವಲ್ಲ. ಒಂದು ಮನೆಯ ಮಗು ಇನ್ನೊಂದು ಮನೆಯ ಜಗಲಿ ಹತ್ತುವಂತಿಲ್ಲ ಎಂಬ ಕಡೆ ತಂಡ ಸೇರುವ ಜಾಗವನ್ನು ಶಾಲೆಯ ಜಗಲಿಗೋ ಗ್ರಂಥಾಲಯಕ್ಕೋ ಬದಲಿಸಿ. ಮಗು ಇನ್ನೊಬ್ಬರ ಬಾಗಿಲಲ್ಲಿ ನಿಂತು ಕಾಯುವ ಹಾಗೆ ಆಗಬಾರದು.

ಹೆಜ್ಜೆ 3: ಮಕ್ಕಳ ಹೆಸರಿನಲ್ಲಿ ಅಕೌಂಟ್ ತೆರೆಸಬೇಡಿ

ವಾಟ್ಸಾಪ್, ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಇವುಗಳ ನಿಯಮದ ಪ್ರಕಾರವೇ 13 ವರ್ಷ ತುಂಬದವರು ಅಕೌಂಟ್ ತೆರೆಯುವಂತಿಲ್ಲ. ಅಂದರೆ ಆರು, ಏಳನೇ ತರಗತಿಯ ಹೆಚ್ಚಿನ ಮಕ್ಕಳು ಅಲ್ಲಿ ಇರಲೇಬಾರದು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಇನ್ನೂ ಮುಂದೆ ಹೋಗಿದೆ. ಅದರಲ್ಲಿ 18 ವರ್ಷದೊಳಗಿನ ಎಲ್ಲರೂ ಮಕ್ಕಳೇ. ಅವರ ಮಾಹಿತಿ ಬಳಸಲು ತಂದೆ ತಾಯಿಯ ಒಪ್ಪಿಗೆ ಬೇಕು. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್‌ನಿಂದ 16 ವರ್ಷದೊಳಗಿನವರಿಗೆ ಪ್ರಮುಖ ಜಾಲತಾಣಗಳಲ್ಲಿ ಅಕೌಂಟ್ ಇಟ್ಟುಕೊಳ್ಳುವುದನ್ನೇ ತಡೆದಿದ್ದಾರೆ.

"ಪಾಠಕ್ಕೆ ಬೇಕು, ಅಕೌಂಟ್ ಮಾಡ್ಕೊಳ್ಳಿ" ಅಂತ ಶಿಕ್ಷಕರು ಒಂದು ಮಾತು ಹೇಳಿದರೆ ಸಾಕು, ಮಗು ವಯಸ್ಸು ಸುಳ್ಳು ಬರೆದು ಒಳಗೆ ಹೋಗುತ್ತದೆ. ಆ ಸುಳ್ಳನ್ನು ಹೇಳಿಕೊಟ್ಟವರು ನಾವಾಗುತ್ತೇವೆ. ಹಾಗಾಗಿ ಗುಂಪಿನಲ್ಲಿ ಇರುವುದು ಪೋಷಕರ ನಂಬರ್. ಮಗು ದೊಡ್ಡವರ ಎದುರಿಗೆ, ಅವರ ಫೋನಿನಿಂದ ಕಳಿಸುತ್ತದೆ. ಇದರಿಂದ ಇನ್ನೊಂದು ಒಳ್ಳೆಯದೂ ಆಗುತ್ತದೆ. ಮಗು ಏನು ಕಲಿಯುತ್ತಿದೆ ಅಂತ ಮನೆಯವರ ಕಿವಿಗೂ ಬೀಳುತ್ತದೆ.

ಶುರು ಮಾಡುವ ಮುಂಚೆ ಮುಖ್ಯ ಶಿಕ್ಷಕರಿಗೆ ಹೇಳಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ವಿಷಯ ಇಟ್ಟು ನಡಾವಳಿ ಪುಸ್ತಕದಲ್ಲಿ ಬರೆಸಿ. ಪೋಷಕರಿಗೆ ಒಂದು ಚೀಟಿ ಕಳಿಸಿ. ಅದು ಸರ್ಕಾರಿ ಸುತ್ತೋಲೆಯ ಭಾಷೆಯಲ್ಲಿ ಬೇಡ. ನಾವು ಬರೆದದ್ದು ಹೀಗಿತ್ತು:

"ನಿಮ್ಮ ಮಗುವಿನ ಪಾಠದ ಕೆಲಸಕ್ಕಾಗಿ ಒಂದು ವಾಟ್ಸಾಪ್ ಗುಂಪು ಮಾಡುತ್ತಿದ್ದೇವೆ. ಗುಂಪಿನಲ್ಲಿ ನಿಮ್ಮ ನಂಬರ್ ಬೇರೆ ಪೋಷಕರಿಗೂ ಕಾಣುತ್ತದೆ. ಮಗುವಿನ ಧ್ವನಿ, ಕೈಬರಹ, ಮಾಡಿದ ಕೆಲಸದ ಫೋಟೊ ಅಲ್ಲಿ ಬರಬಹುದು. ಮುಖದ ಫೋಟೊ ಹಾಕುವುದಿಲ್ಲ. ನಿಮಗೆ ಬೇಡ ಅನಿಸಿದರೆ ಬೇಡ ಅಂತ ಬರೆಯಿರಿ. ಅದರಿಂದ ಮಗುವಿನ ಅಂಕಕ್ಕೆ ಏನೂ ತೊಂದರೆ ಇಲ್ಲ. ಯಾವಾಗ ಬೇಕಾದರೂ ಹೊರಗೆ ಬರಬಹುದು."

ಓದಲು ಬಾರದ ಪೋಷಕರಿಗೆ ಇದನ್ನು ಓದಿ ಹೇಳಿ. ಮಗುವಿನ ಕೈಯಲ್ಲೇ ಓದಿಸಿ ಸಹಿ ಹಾಕಿಸಿಕೊಂಡು ಬಾ ಅಂದರೆ ಅದು ಒಪ್ಪಿಗೆ ಆಗುವುದಿಲ್ಲ.

ಹೆಜ್ಜೆ 4: ಗುಂಪು ಕಟ್ಟುವಾಗ

ಸಾಧ್ಯವಾದರೆ ಶಾಲೆಗೇ ಒಂದು ಸಿಮ್ ತೆಗೆದುಕೊಳ್ಳಿ. ಈಗ ಆಂಡ್ರಾಯ್ಡ್ ಫೋನಿನಲ್ಲಿ ಒಂದೇ ವಾಟ್ಸಾಪ್‌ನಲ್ಲಿ ಎರಡು ನಂಬರ್ ಇಟ್ಟುಕೊಳ್ಳಬಹುದು. ನಿಮ್ಮ ಸ್ವಂತ ನಂಬರ್ ಊರೆಲ್ಲ ಹಂಚಿಹೋಗುವುದು ತಪ್ಪುತ್ತದೆ. ಅದರಲ್ಲೂ ಶಿಕ್ಷಕಿಯರಿಗೆ ಇದು ತುಂಬಾ ಮುಖ್ಯ.

ಅಡ್ಮಿನ್ ಇಬ್ಬರಿರಲಿ. ಒಬ್ಬರಾದರೂ ಮಹಿಳೆ ಆಗಿರಲಿ. ಯಾವ ಶಿಕ್ಷಕರೂ ಮಗುವಿನ ಜೊತೆ ಪ್ರತ್ಯೇಕವಾಗಿ ಚಾಟ್ ಮಾಡಬಾರದು. ಒಳ್ಳೆಯ ಉದ್ದೇಶ ಇದ್ದರೂ ಬೇಡ. ಡೌಟ್ ಇದ್ದರೆ ಗುಂಪಿನಲ್ಲಿ ಕೇಳಲಿ, ಇಲ್ಲವೇ ಬೆಳಿಗ್ಗೆ ಶಾಲೆಯಲ್ಲಿ ಕೇಳಲಿ. ಈ ಒಂದು ನಿಯಮವನ್ನು ಯಾವತ್ತೂ ಸಡಿಲ ಬಿಡಬೇಡಿ.

ನಂಬರ್ ಎಲ್ಲರಿಗೂ ಕಾಣುವುದು ಬೇಡ ಅನ್ನುವ ತಾಯಂದಿರು ಇರುತ್ತಾರೆ. ಅವರ ಭಯಕ್ಕೆ ಕಾರಣವಿದೆ. ಗುಂಪಿನಿಂದ ನಂಬರ್ ತೆಗೆದುಕೊಂಡು ಯಾರೋ ಮೆಸೇಜ್ ಮಾಡುವುದು ಎಲ್ಲ ಊರಿನಲ್ಲೂ ನಡೆಯುತ್ತದೆ. ಅಂಥವರನ್ನು ಬ್ರಾಡ್‌ಕಾಸ್ಟ್ ಪಟ್ಟಿಗೆ ಹಾಕಿ. ಅದರಲ್ಲಿ 256 ಜನರವರೆಗೆ ಸೇರಿಸಬಹುದು. ಯಾರ ನಂಬರೂ ಯಾರಿಗೂ ಕಾಣುವುದಿಲ್ಲ. ಆದರೆ ಅವರ ಫೋನಿನಲ್ಲಿ ಶಾಲೆಯ ನಂಬರ್ ಸೇವ್ ಆಗಿದ್ದರೆ ಮಾತ್ರ ಮೆಸೇಜ್ ಹೋಗುತ್ತದೆ. ಇದನ್ನು ಮರೆತು ಎಷ್ಟೋ ಜನ "ಕಳಿಸಿದ್ರೂ ಹೋಗ್ತಿಲ್ಲ" ಅಂತ ಒದ್ದಾಡುತ್ತಾರೆ.

ಗುಂಪಿನ ಸೆಟ್ಟಿಂಗ್‌ನಲ್ಲಿ "ಅಡ್ಮಿನ್‌ಗಳು ಮಾತ್ರ ಮೆಸೇಜ್ ಕಳಿಸಬಹುದು" ಎಂಬುದನ್ನು ಆನ್ ಮಾಡಿ. ವಾರಕ್ಕೆ ಎರಡು ಸಂಜೆ, ಏಳರಿಂದ ಎಂಟೂವರೆಯವರೆಗೆ ಮಾತ್ರ ಅದನ್ನು ತೆಗೆಯಿರಿ. ನಮ್ಮಲ್ಲಿ ಮಂಗಳವಾರ ಮತ್ತು ಶುಕ್ರವಾರ. ಮಕ್ಕಳು ಅದನ್ನು "ಸಂತೆ ಹೊತ್ತು" ಅಂತ ಕರೆಯುತ್ತಾರೆ. ಆ ಹೊತ್ತಿನಲ್ಲಿ ಕೆಲಸ ಬರುತ್ತದೆ, ಪ್ರಶ್ನೆ ಬರುತ್ತದೆ, ಗಲಾಟೆಯೂ ಇರುತ್ತದೆ. ಎಂಟೂವರೆಗೆ ಬಾಗಿಲು ಹಾಕುತ್ತೇವೆ. ಹೀಗೆ ಮಾಡಿದ ಮೇಲೆ ರಾಜಕೀಯದ ಫಾರ್ವರ್ಡ್, ದೇವರ ಫೋಟೊ, ಸಾಲ ಕೊಡುವ ಲಿಂಕ್ ಎಲ್ಲ ನಿಂತುಹೋದವು. ರಾತ್ರಿ ಹನ್ನೊಂದಕ್ಕೆ ಫೋನ್ ಗುಣುಗುಡುವುದೂ ನಿಂತಿತು.

ಹೆಜ್ಜೆ 5: ಒಂದು ಪಾಠ, ಪೂರ್ತಿಯಾಗಿ

ಮಳೆಯ ಪಾಠವನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ನೀವು ಇದನ್ನು ಹಾಗೇ ಎತ್ತಿಕೊಂಡು ಮಾಡಬಹುದು.

ಮೊದಲ ದಿನ ಕೆಲಸ ಪೂರ್ತಿ ತರಗತಿಯಲ್ಲಿ. ಪ್ರತಿ ತಂಡವೂ ಎರಡು ಲೀಟರಿನ ಒಂದು ಪ್ಲಾಸ್ಟಿಕ್ ಬಾಟಲಿ ತರುತ್ತದೆ. ಪಕ್ಕೆ ನೇರವಾಗಿರುವ ಬಾಟಲಿ ಆಗಬೇಕು, ಸೊಂಟ ಇರುವುದು ಬೇಡ. ಮೇಲಿನ ಭಾಗ ಕತ್ತರಿಸಿ ತಲೆಕೆಳಗಾಗಿ ಆಲಿಕೆಯ ಹಾಗೆ ಕೂರಿಸಬೇಕು. ಬಾಟಲಿಯ ತಳ ಉಬ್ಬುತಗ್ಗಾಗಿರುತ್ತದೆ ಅಲ್ವಾ? ಅಲ್ಲಿ ಒಂದಿಷ್ಟು ಕಲ್ಲು ಹಾಕಿ, ಉಬ್ಬು ಮುಚ್ಚುವಷ್ಟು ನೀರು ತುಂಬಿ, ಆ ಮಟ್ಟಕ್ಕೆ ಸೊನ್ನೆಯ ಗೆರೆ ಎಳೆಯಬೇಕು. ಅಲ್ಲಿಂದ ಮೇಲೆ ಸ್ಕೇಲ್ ಅಂಟಿಸಿದರೆ ಮಳೆಮಾಪಕ ಸಿದ್ಧ. ಮರ, ಸೂರು, ಗೋಡೆಯಿಂದ ದೂರ, ಬಯಲಿನಲ್ಲಿ ಇಡಬೇಕು. ಬೀಳದ ಹಾಗೆ ಸುತ್ತ ಇಟ್ಟಿಗೆ.

ಅಳತೆ ದಿನಾ ಬೆಳಿಗ್ಗೆ ಎಂಟೂವರೆಗೆ. ಹವಾಮಾನ ಇಲಾಖೆಯವರು ದಿನದ ಮಳೆಯ ಲೆಕ್ಕ ತೆಗೆಯುವುದೂ ಅದೇ ಹೊತ್ತಿಗೆ. ಅಳೆದ ಮೇಲೆ ನೀರನ್ನು ಮತ್ತೆ ಸೊನ್ನೆಯ ಗೆರೆಗೆ ತರಬೇಕು. ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಸಂತೆ ಹೊತ್ತಿನಲ್ಲಿ ತಂಡದಿಂದ ಒಂದೇ ಮೆಸೇಜ್ ಬರುತ್ತದೆ: ತಂಡದ ಹೆಸರು, ತಾರೀಕು, ಮಿಲಿಮೀಟರ್. ಬೇಕಿದ್ದರೆ ಬಾಟಲಿಯ ಒಂದು ಫೋಟೊ.

ಜೊತೆಗೆ ಇನ್ನೊಂದು ಕೆಲಸ. ಮನೆಯ ಅಥವಾ ಓಣಿಯ ಹಿರಿಯರೊಬ್ಬರ ಹತ್ತಿರ ಮಳೆಯ ಬಗ್ಗೆ ಒಂದು ಮಾತು ಕೇಳಿ ರೆಕಾರ್ಡ್ ಮಾಡಬೇಕು. ಒಂದು ನಿಮಿಷಕ್ಕಿಂತ ಜಾಸ್ತಿ ಬೇಡ. ಶುರುವಿನಲ್ಲಿ "ನಿಮ್ಮ ಮಾತನ್ನ ತರಗತಿಯಲ್ಲಿ ಕೇಳಿಸ್ತೀವಿ, ಆಗಬಹುದಾ?" ಅಂತ ಮಗುವೇ ಕೇಳಬೇಕು. ಒಪ್ಪಿಗೆ ಅಂದರೆ ಏನು ಅಂತ ಮಕ್ಕಳು ಇಲ್ಲಿ ಮಾಡಿಯೇ ಕಲಿಯುತ್ತಾರೆ.

ಮೊದಲ ವಾರ 11 ತಂಡದಲ್ಲಿ ಏಳು ತಂಡ ಕಳಿಸಿದವು. ಲೆಕ್ಕ ಒಂದಕ್ಕೊಂದು ಕೂಡುತ್ತಿರಲಿಲ್ಲ. ಒಂದೇ ಊರಿನಲ್ಲಿ, ಒಂದೇ ರಾತ್ರಿ, ಕೆರೆ ಕಡೆಯ ತಂಡ 14 ಮಿ.ಮೀ. ಬರೆದಿತ್ತು. ಗುಡ್ಡದ ಕಡೆಯವರು ಸೊನ್ನೆ ಬರೆದಿದ್ದರು. "ಇವರು ಸುಳ್ಳು ಬರ್ದವ್ರೆ ಸಾರ್" ಅಂತ ಜಗಳವೇ ಶುರುವಾಯಿತು. ನಾನು ಉತ್ತರ ಹೇಳಲಿಲ್ಲ. ಅವತ್ತು ಸಂಜೆ ಒಬ್ಬ ಅಜ್ಜನ ವಾಯ್ಸ್ ಮೆಸೇಜ್ ಬಂತು. "ಈಗಿನ ಮಳೆ ಎತ್ತಿನ ಒಂದು ಕೊಂಬು ನೆನೆಸಿದ್ರೆ ಇನ್ನೊಂದು ನೆನೆಸಲ್ಲ ಕಣಪ್ಪ." ಮಾರನೇ ದಿನ ಅದನ್ನು ಕೇಳಿಸಿದಾಗ ತರಗತಿ ತಣ್ಣಗಾಯಿತು. ಬಿಸಿಯಾದ ಗಾಳಿ ಮೇಲೇರಿ ಸುರಿಸುವ ಪರಿಸರಣ ಮಳೆ ಅಂದರೆ ಏನು, ಚಿಕ್ಕ ಮೋಡ ಸ್ವಲ್ಪ ಜಾಗಕ್ಕೆ ಮಾತ್ರ ಯಾಕೆ ಸುರಿಯುತ್ತದೆ ಅಂತ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಬೇರೆ ಸಿಗುತ್ತಿರಲಿಲ್ಲ.

ಆದರೆ ಎಲ್ಲ ವ್ಯತ್ಯಾಸವೂ ಮೋಡದ್ದಲ್ಲ. ಒಂದು ತಂಡ ಬಾಟಲಿಯನ್ನು ಸೂರಿನ ಕೆಳಗೆ ಇಟ್ಟಿತ್ತು. ಇನ್ನೊಂದು ತಂಡ ಎರಡು ದಿನದ ನೀರನ್ನು ಒಟ್ಟಿಗೆ ಅಳೆದಿತ್ತು. ಫೋಟೊ ಇದ್ದದ್ದರಿಂದ ಇವು ಸಿಕ್ಕವು. ತಪ್ಪು ಮಾಡಿದವರ ಹೆಸರು ಹೇಳದೆ ಫೋಟೊ ಮಾತ್ರ ತೋರಿಸಿ "ಇಲ್ಲೇನು ತೊಂದರೆ?" ಅಂತ ಕೇಳಿದೆ. ತಂಡದವರೇ ಎದ್ದು ಹೇಳಿದರು.

ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳಲ್ಲಿ ತಾನೇ ಅಳೆದು ಕಳಿಸುವ ಮಳೆಮಾಪಕಗಳನ್ನು ಇಟ್ಟಿದೆ. ಅವರ ಲೆಕ್ಕ ಎಲ್ಲರೂ ನೋಡಬಹುದು. ಎರಡನೇ ವಾರ ನಮ್ಮ ಪಂಚಾಯಿತಿಯ ಅಂಕಿಯನ್ನು ಕರಿಹಲಗೆಯ ಮೇಲೆ ಬರೆದು, ಪಕ್ಕದಲ್ಲಿ ಮಕ್ಕಳ ಸರಾಸರಿ ಬರೆದೆವು. ಹತ್ತಿರ ಹತ್ತಿರ ಬಂದ ದಿನ ಮಕ್ಕಳಿಗೆ ಆದ ಖುಷಿ ಹೇಳತೀರದು.

ಗಣಿತಕ್ಕೆ ಬನ್ನಿ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಒಂದು ಎಕರೆ ಸುಮಾರು 4047 ಚದರ ಮೀಟರ್. ಹತ್ತು ಮಿಲಿಮೀಟರ್ ಮಳೆ ಬಂದರೆ ಎಕರೆಗೆ 40,470 ಲೀಟರ್. 5000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಎಂಟು ಟ್ಯಾಂಕರ್! ಬೇಸಿಗೆಯಲ್ಲಿ ಒಂದು ಟ್ಯಾಂಕರಿಗೆ ಕಾದು ನಿಂತ ಮಕ್ಕಳು ಇವರು. ಈ ಲೆಕ್ಕವನ್ನು ಅವರು ಮನೆಯಲ್ಲಿ ಹೇಳಿದರು. ಮೂವರು ಅಪ್ಪಂದಿರು "ಮನೆ ಮಾಳಿಗೆಗೆ ಎಷ್ಟು ಬೀಳುತ್ತೆ?" ಅಂತ ಗುಂಪಿನಲ್ಲೇ ಕೇಳಿದರು. ಮಾಳಿಗೆಯ ಉದ್ದ ಅಗಲ ಕಳಿಸಿ ಅಂದೆವು. ಮಕ್ಕಳೇ ಲೆಕ್ಕ ಮಾಡಿ ಉತ್ತರ ಕಳಿಸಿದರು.

ಸಮಾಜ ವಿಜ್ಞಾನದ ಮೇಡಂ ಮಳೆ ನಕ್ಷತ್ರಗಳ ಪಟ್ಟಿ ಮಾಡಿಸಿದರು. ಒಂದೊಂದು ಮಳೆಗೂ 13 ಇಲ್ಲವೇ 14 ದಿನ. ರೋಹಿಣಿ ಮೇ ಕೊನೆಯ ವಾರ ಶುರುವಾಗಿ ಜೂನ್ ಏಳರ ಹೊತ್ತಿಗೆ ಮುಗಿಯುತ್ತದೆ. ಆಮೇಲೆ ಮೃಗಶಿರಾ, ಆರಿದ್ರಾ. ಆ ಹಿಂದಿನ ಬೆಂಚಿನ ಹುಡುಗನಿಗೆ ಉತ್ತರ ಸಿಕ್ಕಿತು. ಕನ್ನಡದ ಮೇಷ್ಟ್ರು ಬಂದ ಗಾದೆಗಳನ್ನೆಲ್ಲ ಬರೆಸಿದರು. "ಭರಣಿ ಮಳೆ ಬಂದ್ರೆ ಧರಣಿಯೆಲ್ಲ ಬೆಳೆ" ಎಂಬುದು ಮಾತ್ರ ಐದು ಮನೆಯಿಂದ ಬಂದಿತ್ತು, ಐದೂ ಬೇರೆ ಬೇರೆ ರೀತಿಯಲ್ಲಿ.

ಬೇರೆ ಪಾಠಗಳಿಗೆ

ಇಂಗ್ಲಿಷ್‌ಗೆ: ಪಾಠದ ಐದು ಸಾಲು ಓದಿ ವಾಯ್ಸ್ ಮೆಸೇಜ್ ಕಳಿಸುವುದು. ತರಗತಿಯಲ್ಲಿ ಬಾಯಿ ಬಿಡದ ಮಕ್ಕಳು ಇಲ್ಲಿ ಓದುತ್ತಾರೆ. ತಪ್ಪಾದರೆ ಅಳಿಸಿ ಮತ್ತೆ ಓದಬಹುದು ಎಂಬ ಧೈರ್ಯ ಅವರಿಗೆ. ಇದನ್ನು ಗುಂಪಿನಲ್ಲಿ ಹಾಕಿಸಬೇಡಿ. ಪೋಷಕರ ನಂಬರಿನಿಂದ ಶಾಲೆಯ ನಂಬರಿಗೆ ಬರಲಿ, ಇಬ್ಬರು ಶಿಕ್ಷಕರು ಕೇಳಲಿ.

ಕನ್ನಡಕ್ಕೆ: ಒಂದೇ ವಸ್ತುವಿಗೆ ಬೇರೆ ಬೇರೆ ಮನೆಯಲ್ಲಿ ಏನಂತಾರೆ? ಗಣಿತಕ್ಕೆ: ವಾರದ ಸಂತೆಯ ತರಕಾರಿ ಬೆಲೆ, ಎಂಟು ವಾರ ಬರೆದರೆ ನಕ್ಷೆ ಸಿದ್ಧ. ಸಮಾಜ ವಿಜ್ಞಾನಕ್ಕೆ ಊರಿನ ಕೆರೆ, ಕಲ್ಲುಶಾಸನ, ಹಳೆಯ ಬಾವಿಯ ಫೋಟೊ. ಪಾಠ ಮುಗಿದ ಮೇಲೆ ವಾಟ್ಸಾಪ್‌ನ ಪೋಲ್‌ನಲ್ಲಿ ಒಂದು ಪ್ರಶ್ನೆ ಹಾಕಬಹುದು. ಯಾರು ಏನು ಆರಿಸಿದರು ಅಂತ ಎಲ್ಲರಿಗೂ ಕಾಣುತ್ತದೆ. ಹಾಗಾಗಿ ಸರಿ ತಪ್ಪು ಉತ್ತರದ ಪ್ರಶ್ನೆ ಬೇಡ. "ಯಾವ ಭಾಗ ಇನ್ನೊಮ್ಮೆ ಹೇಳಬೇಕು?" ಎಂಬಂಥದ್ದು ಸಾಕು.

ಯೂಟ್ಯೂಬ್, ಇನ್‌ಸ್ಟಾಗ್ರಾಂ

ಯೂಟ್ಯೂಬ್ ವಿಡಿಯೊ ತೋರಿಸುವ ಮುಂಚೆ ಹಿಂದಿನ ರಾತ್ರಿ ನೀವು ಪೂರ್ತಿ ನೋಡಿ. ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಬನ್ನಿ. ಶಾಲೆಯಲ್ಲಿ ನೆಟ್‌ವರ್ಕ್ ಕೈಕೊಟ್ಟರೂ ನಡೆಯುತ್ತದೆ. ನಡುವೆ ಬೇಡದ್ದು ಬರುವ ಭಯವೂ ಕಡಿಮೆ. ಆಟೊಪ್ಲೇ ಆಫ್ ಮಾಡಿ. ನಾಲ್ಕು ನಿಮಿಷಕ್ಕಿಂತ ಜಾಸ್ತಿ ಒಂದೇ ಸಲ ತೋರಿಸಬೇಡಿ. ನಿಲ್ಲಿಸಿ, "ಮುಂದೆ ಏನಾಗಬಹುದು?" ಅಂತ ಕೇಳಿ, ಮತ್ತೆ ಹಾಕಿ. ನಮ್ಮ ಪಠ್ಯಪುಸ್ತಕಗಳಲ್ಲೇ ಸರ್ಕಾರದ ಆನ್‌ಲೈನ್ ಪಾಠಗಳ ತಾಣವಾದ ದೀಕ್ಷಾದ ಕ್ಯೂಆರ್ ಕೋಡ್ ಇವೆ. ಹುಡುಕುವುದನ್ನು ಅಲ್ಲಿಂದ ಶುರು ಮಾಡಿ.

ನೀವೇ ವಿಡಿಯೊ ಮಾಡುವುದಾದರೆ ಕೈ ಮತ್ತು ಹಲಗೆ ಕಂಡರೆ ಸಾಕು. ಅಪ್‌ಲೋಡ್ ಮಾಡುವಾಗ ಅನ್‌ಲಿಸ್ಟೆಡ್ ಆರಿಸಿಕೊಳ್ಳಿ. ಲಿಂಕ್ ಇದ್ದವರಿಗೆ ಮಾತ್ರ ತೆರೆಯುತ್ತದೆ, ಹುಡುಕಿದರೆ ಸಿಗುವುದಿಲ್ಲ. "ಮಕ್ಕಳಿಗಾಗಿ ಮಾಡಿದ್ದು" ಅಂತ ಗುರುತು ಹಾಕಿದರೆ ಕಾಮೆಂಟ್‌ಗಳೂ ಬಂದ್ ಆಗುತ್ತವೆ.

ಇನ್‌ಸ್ಟಾಗ್ರಾಂ ಬಗ್ಗೆ ತುಂಬಾ ಶಿಕ್ಷಕರು ಕೇಳುತ್ತಾರೆ. ಪಾಠಕ್ಕೆ ಅದು ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಲೈಕ್ ಎಣಿಸುವ ಜಾಗದಲ್ಲಿ ಮಗುವಿನ ಕೆಲಸ ಇಟ್ಟರೆ ಮಗು ಕೆಲಸ ಬಿಟ್ಟು ಲೈಕ್ ನೋಡುತ್ತದೆ. ಮಕ್ಕಳನ್ನು ಕುಣಿಸಿ ರೀಲ್ಸ್ ಮಾಡಿ ಹಾಕುವುದಂತೂ ಖಂಡಿತ ಬೇಡ. ಆ ವಿಡಿಯೊ ಎಲ್ಲಿಗೆ ಹೋಗುತ್ತದೆ, ಯಾರು ಇಟ್ಟುಕೊಳ್ಳುತ್ತಾರೆ ಅಂತ ನಮಗೆ ಗೊತ್ತಾಗುವುದೇ ಇಲ್ಲ.

ಹೆಜ್ಜೆ 6: ಫಾರ್ವರ್ಡ್ ಮೆಸೇಜೇ ಪಾಠವಾಗಲಿ

ವರ್ಷಕ್ಕೆ ಎರಡು ಪೀರಿಯಡ್ ಇದಕ್ಕೆ ಇಡಿ. ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡಬೇಡಿ.

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲೂಕಿನಲ್ಲಿ ಹೈದರಾಬಾದ್ ಕಡೆಯಿಂದ ಬಂದ ಗೆಳೆಯರು ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂಬ ಗುಲ್ಲು ಎದ್ದಿತು. ಅವರು ಹೊರಟರೂ ವಾಟ್ಸಾಪ್‌ನಲ್ಲಿ ಸುದ್ದಿ ಅವರಿಗಿಂತ ಮುಂದೆ ಓಡಿತು. ಮುರ್ಕಿ ಗ್ರಾಮದಲ್ಲಿ ಜನ ಕಾರು ತಡೆದು ಹೊಡೆದರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತುಹೋದರು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗಿಂತ ಜಾಸ್ತಿ ಫಾರ್ವರ್ಡ್ ಮಾಡದ ಹಾಗೆ ಮಿತಿ ತಂದಿತು.

ಈ ಘಟನೆಯನ್ನು ಒಂಬತ್ತು, ಹತ್ತನೇ ತರಗತಿಗೆ ಹೇಳಿ. ವಿಡಿಯೊ ತೋರಿಸಬೇಡಿ. ಹೇಳಿದ ಮೇಲೆ ಒಂದೇ ಪ್ರಶ್ನೆ ಕೇಳಿ: "ಆ ಮೆಸೇಜ್ ನಿನ್ನ ಫೋನಿಗೆ ಬಂದಿದ್ದರೆ, ಆ ಐದು ನಿಮಿಷದಲ್ಲಿ ನೀನು ಏನು ಮಾಡುತ್ತಿದ್ದೆ?" ಉತ್ತರಕ್ಕೆ ಹೊತ್ತು ಕೊಡಿ. ನಮ್ಮ ತರಗತಿಯಲ್ಲಿ ಒಬ್ಬ ಹುಡುಗಿ ತುಂಬಾ ಹೊತ್ತು ಯೋಚಿಸಿ ಹೇಳಿದಳು: "ನನ್ನ ತಮ್ಮ ಹೊರಗೆ ಆಡ್ತಿದ್ರೆ ನಾನೂ ಕಳಿಸ್ತಿದ್ದೆ ಸಾರ್." ಇಷ್ಟು ನಿಜ ಹೇಳಿದ ಮೇಲೆ ಪಾಠ ತಾನಾಗಿಯೇ ಮುಂದೆ ಹೋಗುತ್ತದೆ. ಹೆದರಿಕೆಯ ಮೆಸೇಜ್ ಯಾಕೆ ಅಷ್ಟು ಬೇಗ ಓಡುತ್ತದೆ ಅಂತ ಅವರಿಗೆ ಅರ್ಥವಾಗಿರುತ್ತದೆ.

ಎರಡನೇ ಪೀರಿಯಡ್‌ಗೆ ಯಾರಿಗೂ ನೋವಾಗದ ಒಂದು ಸುಳ್ಳು ತೆಗೆದುಕೊಳ್ಳಿ. ನಮ್ಮ ರಾಷ್ಟ್ರಗೀತೆಯನ್ನು ಯುನೆಸ್ಕೊ ಜಗತ್ತಿನ ಅತ್ಯುತ್ತಮ ಗೀತೆ ಅಂತ ಘೋಷಿಸಿದೆ ಎಂಬ ಮೆಸೇಜ್ ವರ್ಷಗಳಿಂದ ಸುತ್ತುತ್ತಿದೆ. ಅದು ಸುಳ್ಳು. ಹಲಗೆಯ ಮೇಲೆ ಬರೆದು ಮಕ್ಕಳ ಕೈಯಲ್ಲೇ ಬಿಡಿಸಿ. ಯಾರು ಹೇಳಿದರು? ಯಾವತ್ತು? ಹೇಳಿದವರ ಸ್ವಂತ ಜಾಗದಲ್ಲಿ ಅದು ಇದೆಯಾ? ಇದನ್ನು ಓದಿ ನನಗೆ ಏನನಿಸಿತು, ಹಾಗೆ ಅನಿಸುವುದರಿಂದ ಯಾರಿಗೆ ಲಾಭ? ಎರಡು ಬಾಣದ ಗುರುತಿದ್ದರೆ ಆ ಮೆಸೇಜ್ ಎಷ್ಟೋ ಕೈ ದಾಟಿ ಬಂದಿದೆ ಎಂಬುದನ್ನೂ ತೋರಿಸಿ. ಫೋಟೊ ಆದರೆ ಗೂಗಲ್ ಲೆನ್ಸ್‌ನಲ್ಲಿ ಹಾಕಿ ಹಿಂದೆ ಎಲ್ಲಿ ಬಂದಿತ್ತು ಅಂತ ಹುಡುಕಿಸಿ.

ಆಗಬಾರದ್ದು ಆದಾಗ

ಶುರುವಿನ ವರ್ಷ ನಾನೊಂದು ತಪ್ಪು ಮಾಡಿದೆ. ಕಿರು ಪರೀಕ್ಷೆಯ ಅಂಕಪಟ್ಟಿಯ ಫೋಟೊ ಗುಂಪಿನಲ್ಲಿ ಹಾಕಿದೆ. ಎಲ್ಲರಿಗೂ ಬೇಗ ಗೊತ್ತಾಗಲಿ ಅಂತ. ಕೊನೆಯಲ್ಲಿದ್ದ ಹುಡುಗ ನಾಲ್ಕು ದಿನ ಶಾಲೆಗೆ ಬರಲಿಲ್ಲ. ಮನೆಗೆ ಹೋದಾಗ ಅವನ ಅಮ್ಮ, "ಓಣಿಯವರೆಲ್ಲ ಕೇಳಿದ್ರು ಸಾರ್" ಅಂದರು. ನಾನು ಆ ಹುಡುಗನ ಹತ್ತಿರ ತಪ್ಪಾಯಿತು ಅಂದೆ. ಅಂಕ, ಹಾಜರಾತಿ, ಫೀಸು, ವಿದ್ಯಾರ್ಥಿವೇತನ, ಜಾತಿ ಪ್ರಮಾಣಪತ್ರ ಇವು ಯಾವುದೂ ಗುಂಪಿಗೆ ಹೋಗಬಾರದು. ಅವೆಲ್ಲ ಆ ಮನೆಗೆ ಮಾತ್ರ.

ಗುಂಪಿನಲ್ಲಿ ಯಾರಾದರೂ ಕೆಟ್ಟದ್ದು ಹಾಕಿದರೆ ಅಡ್ಮಿನ್ ಅದನ್ನು ಎಲ್ಲರಿಗೂ ಅಳಿಸಬಹುದು. ಬೈಗುಳ, ಬೆದರಿಕೆ ಆದರೆ ಅಳಿಸುವ ಮುಂಚೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಮುಖ್ಯ ಶಿಕ್ಷಕರಿಗೆ ತಿಳಿಸಿ. ಆದರೆ ಮಗುವಿನ ಅಶ್ಲೀಲ ಚಿತ್ರವೇನಾದರೂ ಇದ್ದರೆ ಅದನ್ನು ಸಾಕ್ಷಿಗೆ ಅಂತಲೂ ಯಾರಿಗೂ ಕಳಿಸಬೇಡಿ. ಕಳಿಸುವುದೇ ಅಪರಾಧ. ಕೂಡಲೇ ಪೊಲೀಸರಿಗೆ ಹೇಳಿ. ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದವರು ದೂರು ಕೊಡಲೇಬೇಕು. ಶಾಲೆಯ ಮರ್ಯಾದೆ ಅಂತ ಮುಚ್ಚಿಡುವಂತಿಲ್ಲ. ಮಕ್ಕಳ ಸಹಾಯವಾಣಿ 1098, ಸೈಬರ್ ಅಪರಾಧಕ್ಕೆ 1930. ಈ ಎರಡು ನಂಬರನ್ನು ಗುಂಪಿನ ವಿವರಣೆಯಲ್ಲೂ ತರಗತಿಯ ಗೋಡೆಯ ಮೇಲೂ ಬರೆದಿಡಿ.

ಹೆಜ್ಜೆ 7: ತಿಂಗಳಿಗೊಮ್ಮೆ ಎಣಿಸಿ

ಹಾಜರಿ ಪುಸ್ತಕ ಇಟ್ಟುಕೊಂಡು ಕೂತು ನೋಡಿ. ಈ ತಿಂಗಳು ಎಷ್ಟು ಮಕ್ಕಳ ಕೆಲಸ ತರಗತಿಗೆ ಬಂತು? ಹಂಚಿದ ಮೆಸೇಜ್ ಎಷ್ಟು ಅಂತ ಎಣಿಸಬೇಡಿ, ಮಕ್ಕಳನ್ನು ಎಣಿಸಿ. ಅದರಲ್ಲಿ ಫೋನ್ ಇಲ್ಲದ ಮನೆಯ ಮಕ್ಕಳೆಷ್ಟು, ಹೆಣ್ಣುಮಕ್ಕಳೆಷ್ಟು? ಹೆಣ್ಣುಮಕ್ಕಳ ಕೈಗೆ ಫೋನ್ ಕೊಡದ ಮನೆಗಳು ಇವೆ. ಅಂಥ ಮನೆಗೆ ತಾಯಿಯ ಜೊತೆ ಮೇಡಂ ಒಮ್ಮೆ ಮಾತಾಡಿದರೆ ಎಷ್ಟೋ ಸಲ ದಾರಿ ಆಗುತ್ತದೆ. ಎರಡು ತಿಂಗಳು ನೋಡಿದರೂ ಅದೇ ಹತ್ತು ಮಕ್ಕಳು ಮಾತ್ರ ಕಾಣುತ್ತಿದ್ದರೆ ಗುಂಪಿನ ಕೆಲಸ ನಿಲ್ಲಿಸಿ, ತಂಡಗಳನ್ನು ಮತ್ತೆ ಕಟ್ಟಿ.

ನಿಮ್ಮ ಪಾಠ ಚೆನ್ನಾಗಿ ಬಂದರೆ ಬೇರೆ ಶಿಕ್ಷಕರಿಗೂ ಕೊಡಿ. ಕರ್ನಾಟಕದಲ್ಲಿ ಶಿಕ್ಷಕರೇ ಬರೆದು ಬೆಳೆಸಿದ ಮುಕ್ತ ಶೈಕ್ಷಣಿಕ ಸಂಪನ್ಮೂಲದ ವಿಕಿ ತಾಣ, ಕೋಯರ್, ಇದೆ. ಅಲ್ಲಿರುವುದನ್ನು ತೆಗೆದುಕೊಳ್ಳಬಹುದು, ತಿದ್ದಬಹುದು, ನಿಮ್ಮದನ್ನೂ ಸೇರಿಸಬಹುದು. ಮಕ್ಕಳ ಹೆಸರು, ಧ್ವನಿ ಮಾತ್ರ ಅಲ್ಲಿಗೆ ಹೋಗದಿರಲಿ.

ಹೆಜ್ಜೆ 8: ಏಪ್ರಿಲ್‌ನಲ್ಲಿ ಮುಚ್ಚಿ

ವರ್ಷ ಮುಗಿದ ಮೇಲೆ ಗುಂಪನ್ನು ಹಾಗೇ ಬಿಡಬೇಡಿ. ಬೇಕಾದ ಅಂಕಿಗಳನ್ನು ಒಂದು ದೊಡ್ಡ ಹಾಳೆಗೆ ಇಳಿಸಿ. ನಮ್ಮ ವಿಜ್ಞಾನ ಕೊಠಡಿಯಲ್ಲಿ ಈಗ ಎರಡು ವರ್ಷದ ಮಳೆ ನಕ್ಷೆ ಅಂಟಿಸಿದೆ. ಹೊಸ ಎಂಟನೇ ತರಗತಿ ಮೂರನೆಯದನ್ನು ಸೇರಿಸುತ್ತದೆ. ಹಿರಿಯರ ಧ್ವನಿಗಳನ್ನು ಅವರ ಮನೆಯವರನ್ನು ಮತ್ತೊಮ್ಮೆ ಕೇಳಿ ಪೆನ್‌ಡ್ರೈವ್‌ಗೆ ಹಾಕಿ ಶಾಲೆಯ ಬೀರುವಿನಲ್ಲಿಡಿ. ಆಮೇಲೆ ಮಕ್ಕಳ ಧ್ವನಿ, ಫೋಟೊಗಳನ್ನೆಲ್ಲ ನಿಮ್ಮ ಫೋನಿನಿಂದ ಅಳಿಸಿ. ಗ್ಯಾಲರಿಯಲ್ಲೂ ನೋಡಿ, ಬ್ಯಾಕಪ್‌ನಲ್ಲೂ ನೋಡಿ. ಪೋಷಕರಿಗೆ "ಗುಂಪು ಮುಚ್ಚುತ್ತಿದ್ದೇವೆ, ನಿಮ್ಮ ಮಕ್ಕಳ ಯಾವುದನ್ನೂ ಇಟ್ಟುಕೊಂಡಿಲ್ಲ" ಅಂತ ಕೊನೆಯ ಮೆಸೇಜ್ ಹಾಕಿ.

ರೋಹಿಣಿ ಮಳೆಯ ಅಜ್ಜಿ ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಅವರ ಮಗ ಶಾಲೆಗೆ ಬಂದು ಆ 40 ಸೆಕೆಂಡಿನ ಮಾತು ಇದೆಯಾ ಅಂತ ಕೇಳಿದರು. ಪೆನ್‌ಡ್ರೈವ್ ಬೀರುವಿನಲ್ಲೇ ಇತ್ತು. ಅವರ ಫೋನಿಗೆ ಹಾಕಿಕೊಟ್ಟೆವು.